ಹದಿನೆಂಟು ಇಂಚು

ಸಂತೆಯ ನೂಕಾಟ ಬೇಡವೆಂದು ವಾರದ ನಡುವೆ ಹೋದೆವು ಗೋಣಿಕೊಪ್ಪಲಿಗೆ.
ಮೊಯ್ದುವಿನ ಅಂಗಡಿ ಗೋಡೆಯಲ್ಲಿ ಮೂರು ಸಾಲು ಗರಗಸ:
ಕೆಳಗೆ, ಕೊಂಬೆ ಸವರುವ ಚಿಕ್ಕವು,
ಮೇಲೆ, ಇಪ್ಪತ್ನಾಲ್ಕು ಇಂಚಿನ ನಾಲಗೆ ಚಾಚಿ
ಟಿಂಬರಿನವರಿಗೆ ಕಾದು ಕೂತ ದೊಡ್ಡವು,
ನಡುವೆ ನಡುವಿನವು, ಕೇಳದೆ ಯಾರೂ ನೋಡದಂಥವು.

ಇವರ ಕಣ್ಣು ನೆಟ್ಟಗೆ ಮೇಲಿನ ಸಾಲಿಗೆ.
ಗೊತ್ತಿತ್ತು. ನಮ್ಮ ಮದುವೆಗೆ ಮುನ್ನೂರು ಎಲೆ ಸಾಕೆಂದರೆ
ಐನೂರು ಬರೆಸಿ ಬಂದಿದ್ದವರು.

ಮರ ಎಷ್ಟು ದಪ್ಪ ಎಂದು ಕೇಳಿಯಾನೆಂದು
ಚೀಟಿಯಲ್ಲಿ ಬರೆದೇ ಒಯ್ದಿದ್ದೆ:
ಗಾಳಿಗೆ ಮಗುಚಿದ ಸಿಲ್ವರ್ ಓಕ್ ಎರಡು,
ತಬ್ಬಿದರೆ ಬೆರಳಿಗೆ ಬೆರಳು ಸಿಗುತ್ತದೆ.
ಕಿತ್ತು ಹಾಕಿದ ರೊಬಸ್ಟಾ ಬುಡ ನಲವತ್ತು, ಗಂಟು ಗಂಟು ಕಬ್ಬಿಣ.
ಹಣ್ಣಿಗೆ ಬಂದ ಆನೆ ಒರಗಿ ಕೆಡವಿದ ಹಲಸು ಒಂದು.
ಹಾಲುವಾಣ ಬರೆದು ಹೊಡೆದುಹಾಕಿದ್ದೆ, ಅದು ಸೌದೆಯಲ್ಲ, ಹೊಗೆ.
ಬೀಟೆ ಬರೆಯಲೇ ಇಲ್ಲ. ನಮ್ಮ ತೋಟದ ನೀರು ಕುಡಿದರೂ
ಅದು ಸರ್ಕಾರದ ಮಗು, ಬಿದ್ದರೂ ದಾಟಿಕೊಂಡು ಹೋಗಬೇಕು.
ಬಚ್ಚಲೊಲೆಯ ಬಾಯಿ, ಒಂದು ಮೊಳ.

ಮೊಯ್ದು ಚೀಟಿ ನೋಡಲಿಲ್ಲ.
“ಕೊಯ್ಯುವವರು ಯಾರು ಉತ್ತಯ್ಯಣ್ಣ?” ಅಂದ.

ಇವರು ಕೆಮ್ಮಿದರು.
ಮೈಸೂರಿನ ಡಾಕ್ಟರು ಹೊಲಿದ ಬಲ ಭುಜ
ಅಂಗಿಯೊಳಗೆ ಸುಮ್ಮನೆ ಕೂತಿತ್ತು.
ನಾನು ಬ್ಯಾಗನ್ನು ಸ್ಟೂಲಿನ ಮೇಲಿಟ್ಟೆ.

ದೊಡ್ಡದು ಮರಿಹಂದಿಯಂತೆ ಮುಂದಕ್ಕೆ ಜಗ್ಗಿ
ಕೊಸರಿಕೊಂಡು ನೆಲಕ್ಕೆ ಹೋಯಿತು.
ಚಿಕ್ಕದು ಹಗುರ, ಆದರೆ ಹಲಸಿನ ಎದುರು ಅದು ಬರೀ ಮಾತು.
ನಡುವಿನದನ್ನು ಎತ್ತಿದೆ. ಐದೂವರೆ ಕಿಲೋ,
ಎಣ್ಣೆ ಪೆಟ್ರೋಲು ಹುಯ್ದರೆ ಏಳರ ಹತ್ತಿರ.
ಸೊಂಟಕ್ಕೆ ತಾಗಿಸಿ ನಿಂತೆ. ನಿಂತಿತು.
“ಮೂತಿಯ ತುದಿ ಮರಕ್ಕೆ ತಾಗಿಸಬೇಡಿ ಅಕ್ಕ,
ಮುಖಕ್ಕೇ ಹಾರುತ್ತದೆ.” ಬ್ರೇಕು ತೋರಿಸಿದ, ಎರಡು ಸಲ,
ಬೂಟೂ ಕನ್ನಡಕವೂ ಬಿಲ್ಲಿಗೆ ಸೇರಿಸಿದ.
ಹದಿನೆಂಟು ಇಂಚು. ಇವರು ದುಡ್ಡು ಎಣಿಸಿದರು, ಎಡಗೈಯಲ್ಲಿ, ನಿಧಾನ.

ಮೊದಲು ನಮ್ಮದು ಜೋಡಿ ಗರಗಸ.
ಎರಡು ಹಿಡಿ, ಆಚೆ ಇವರು, ಈಚೆ ನಾನು.
ಮದುವೆಯಾದ ವರ್ಷವೇ ಇವರು ಕಲಿಸಿದ್ದು ಒಂದೇ ಪಾಠ:
ನಿನ್ನ ಕಡೆಗೆ ಎಳೆ, ನನ್ನ ಕಡೆಗೆ ತಳ್ಳಬೇಡ,
ತಳ್ಳಿದರೆ ಅಲಗು ಬಳುಕಿ ಕಚ್ಚಿಕೊಳ್ಳುತ್ತದೆ.
ಎಳೆದು, ಬಿಟ್ಟುಕೊಟ್ಟು, ಎಳೆದು, ಬಿಟ್ಟುಕೊಟ್ಟು,
ಎಷ್ಟು ಜಗಳ ಅದರ ಲಯಕ್ಕೇ ಆಡಿ ಮುಗಿಸಿದ್ದೇವೆ!
ಒಂದು ಬೊಡ್ಡೆಗೆ ಒಂದು ಮಧ್ಯಾಹ್ನ,
ಒಂದು ಮಧ್ಯಾಹ್ನಕ್ಕೆ ಒಂದು ವಿಷಯ.

ಹೊಸತು ಮೊದಲ ದಿನ ಹದಿಮೂರು ಸಲ ಹಗ್ಗ ಎಳೆಸಿತು.
ಹದಿನಾಲ್ಕಕ್ಕೆ ಗುಡುಗಿ, ಪಕ್ಕದ ಲೈನಿನ ಕೋಳಿಗಳೆಲ್ಲ
ಕಾಫಿಗಿಡದೊಳಗೆ ನುಗ್ಗಿದವು.
ಹಲಸಿನ ಹಳದಿ ಹೊಟ್ಟು ನನ್ನ ಬೂಟಿನ ಮೇಲೆ, ಸೀರೆಯ ಬದಲು ತೊಟ್ಟ
ಇವರ ಹಳೇ ಪ್ಯಾಂಟಿನ ಮೇಲೆ. ಕಹಿಯಲ್ಲ, ಸಿಹಿಯಲ್ಲ, ಆ ವಾಸನೆ.
ಮೂರು ನಿಮಿಷಕ್ಕೆ ಬೊಡ್ಡೆ ಎರಡಾಗಿ ಬಿತ್ತು.

ಇವರು ದೂರದಲ್ಲಿ, ಮಣೆಯ ಮೇಲೆ ಕೂತು,
ಅರ ಹಿಡಿದಿದ್ದರು ಮಡಿಲಲ್ಲಿ. ಹಲ್ಲು ಹರಿತ ಮಾಡುವ ಕೆಲಸ
ಯಾರೂ ಹಂಚದೆಯೇ ಇವರ ಪಾಲಿಗೆ ಬಂದಿತ್ತು:
ಒಂದು ಹಲ್ಲಿಗೆ ಮೂರು ಎಳೆತ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಎರಡನೇ ಬೊಡ್ಡೆಯ ನಡುವೆ ಕಂಡಿತು, ತುಟಿ ಅಲ್ಲಾಡಿದ್ದು.
ನಿಲ್ಲಿಸಿದೆ. ಕಿವಿಯೊಳಗೆ ಇನ್ನೂ ಜೀರುಂಡೆ.
“ಏನಂದಿರಿ?”

“ಏನಿಲ್ಲ. ಚೈನಿನ ಎಣ್ಣೆ ನೋಡಿಕೋ.”

ಎಣ್ಣೆ ಅರ್ಧಕ್ಕಿಂತ ಮೇಲೇ ಇತ್ತು.
ಆದರೂ ಮುಚ್ಚಳ ತೆಗೆದು, ಹೊತ್ತು ಹಿಡಿದು ನೋಡಿದೆ.